ಅಣ್ಣನ ಕಿಡ್ನಿಗೆ ಹೂ ಕೇಳಿದ್ದು

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮನುಷ್ಯ ಜಾತಿಯನ್ನು ಪೂರ್ತಿಯಾಗಿ ಅರ್ಥ ಮಾಡಿಕೊಂಡು ಮುಗಿಸಿದ್ದೆ. ತುಮಕೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಲೆಕ್ಚರರ್ ಆಗಿದ್ದೆ. ಉಪ್ಪಾರಹಳ್ಳಿಯಲ್ಲಿ ಎರಡು ರೂಮಿನ ಬಾಡಿಗೆ ಮನೆ, ಒದ್ದರೆ ಮಾತ್ರ ಸ್ಟಾರ್ಟ್ ಆಗುವ ಸ್ಕೂಟರು, ಹೆಂಡತಿ, ಮೂರು ವರ್ಷದ ಮಗಳು, ಮತ್ತು ವಿಕಾಸವಾದ. ಇಷ್ಟಿದ್ದ ಮೇಲೆ ಲೋಕದಲ್ಲಿ ತಿಳಿಯದೆ ಉಳಿಯುವುದು ಏನಿದೆ?

ಸಿಲಬಸ್ಸಿನಲ್ಲಿ ಆ ಪಾಠಕ್ಕೆ ಇದ್ದದ್ದು ನಾಲ್ಕೈದು ಪೀರಿಯಡ್ಡು. ನಾನು ಅದನ್ನು ಹನ್ನೆರಡಕ್ಕೆ ಎಳೆಯುತ್ತಿದ್ದೆ. ಕಪ್ಪೆಯ ರಕ್ತನಾಳದ ಚಿತ್ರ ಬರೆದರೆ ಹುಡುಗರು ಆಕಳಿಸುತ್ತಾರೆ. ‘ಪ್ರೀತಿ, ತ್ಯಾಗ, ಧರ್ಮ ಇವೆಲ್ಲ ಬರೀ ರಕ್ತದ ಲೆಕ್ಕಾಚಾರ’ ಅಂದರೆ ಹಿಂದಿನ ಬೆಂಚೂ ಎದ್ದು ಕೂರುತ್ತದೆ. ಗೂಡು ಕಾಯಲು ಕುಟುಕಿ ಸಾಯುವ ಜೇನುನೊಣ, ಹಸಿದ ಗೆಳತಿಗೆ ತಾನು ಕುಡಿದ ರಕ್ತವನ್ನೇ ಕಕ್ಕಿ ಕೊಡುವ ಬಾವಲಿ, ಹದ್ದು ಕಂಡರೆ ಕೂಗಿ ಮಿಕ್ಕವರನ್ನು ಎಚ್ಚರಿಸುವ ಅಳಿಲು, ಎಲ್ಲವನ್ನೂ ಸಾಲಾಗಿ ನಿಲ್ಲಿಸಿ, ಇವೇ ನಮ್ಮ ನೀತಿಶಾಸ್ತ್ರದ ಅಜ್ಜ ಅಜ್ಜಿಯರು ಅನ್ನುತ್ತಿದ್ದೆ. ಆಮೇಲೆ ಬೋರ್ಡಿನ ಮೇಲೆ ಒಂದು ಪಟ್ಟಿ ಬರೆಯುತ್ತಿದ್ದೆ. ಒಡಹುಟ್ಟಿದವರು, ಅರ್ಧ. ಚಿಕ್ಕಪ್ಪ, ಕಾಲು. ಚಿಕ್ಕಪ್ಪನ ಮಗ, ಅರೆಕಾಲು. ಯಾರಲ್ಲಿ ನಮ್ಮ ರಕ್ತ ಎಷ್ಟಿದೆಯೋ ಅವರಿಗಾಗಿ ನಾವು ಅಷ್ಟು ಕಷ್ಟ ಪಡುತ್ತೇವೆ ಎಂಬುದು ಪಾಠ. ಪಟ್ಟಿಯ ಕೊನೆಯಲ್ಲಿ ಹೆಂಡತಿ, ಅತ್ತಿಗೆ, ನಾದಿನಿ ಮುಂತಾದ ಬೇರೆ ಮನೆಯಿಂದ ಬಂದವರಿಗೆ ಸೊನ್ನೆ ಹಾಕಿ ಚಾಕ್‌ಪೀಸು ಕೆಳಗಿಡುತ್ತಿದ್ದೆ. ಹುಡುಗಿಯರು ಗುಸುಗುಸು ಮಾಡುತ್ತಿದ್ದರು. ಸತ್ಯ ಕಹಿಯಾಗಿರುತ್ತದೆ ಎಂದು ಮುಗುಳ್ನಗುವುದು ನನ್ನ ಅಭ್ಯಾಸವಾಗಿತ್ತು.

ಗುಬ್ಬಿ ಕಡೆ ನಮ್ಮೂರು. ಅಲ್ಲಿ ಅವ್ವ, ನನಗಿಂತ ಆರು ವರ್ಷಕ್ಕೆ ದೊಡ್ಡವನಾದ ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು ಇದ್ದರು. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಎರಡು ಸೀಮೆ ಹಸು. ಭಾನುವಾರ ಹೋದಾಗ ಅಣ್ಣನ ಮೇಲೂ ಪಾಠ ಪ್ರಯೋಗಿಸುತ್ತಿದ್ದೆ. ಅವನು ಎಸ್ಸೆಸ್ಸೆಲ್ಸಿ ಫೇಲು. ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಶ್ರದ್ಧೆಯಿಂದ ಕೇಳುತ್ತಿದ್ದ.

“ಅಲ್ಕಣ್ಲಾ, ಕಚ್ಚಿದ್ರೆ ಸತ್ತೋಯ್ತೀನಿ ಅಂತ ಆ ನೊಣಕ್ಕೆ ಗೊತ್ತಾ?”

“ಗೊತ್ತಿರಲ್ಲ ಅಣ್ಣ. ಅದರ ರಕ್ತದಲ್ಲೇ ಬರ್ದಿರ್ತದೆ.”

“ಅಂಗಾದ್ರೆ ಅದ್ರದ್ದೇನ್ ದೊಡ್ಡಸ್ತಿಕೆ ಬುಡು” ಎಂದು ಅವನು ಹಸು ಕಟ್ಟಲು ಎದ್ದು ಹೋದ. ಮೂರ್ಖನ ಮುಂದೆ ಮುತ್ತು ಸುರಿದೆನಲ್ಲ ಎಂದು ನಾನು ಸ್ಕೂಟರು ಒದ್ದೆ.

ಅಣ್ಣನ ಕಾಲು ಊದಿಕೊಳ್ಳಲು ಶುರುವಾದದ್ದು ಅದೇ ವರ್ಷ. ಮೊದಲು ಹವಾಯಿ ಚಪ್ಪಲಿ ಹಿಡಿಯುತ್ತದೆ ಅಂದ, ಆಮೇಲೆ ಬೆಳಿಗ್ಗೆ ಎದ್ದಾಗ ಮುಖವೂ ಊದಿರುತ್ತಿತ್ತು. ಊಟ ಕಂಡರೆ ಓಕರಿಕೆ. ನಮ್ಮ ಕಡೆ ಮನುಷ್ಯನಿಗೆ ಬರುವ ಸಮಸ್ತ ರೋಗಗಳೂ ಉಷ್ಣದಿಂದ ಬರುತ್ತವೆ, ಮತ್ತು ಸಮಸ್ತ ಉಷ್ಣವೂ ಎಳನೀರಿನಿಂದ ಇಳಿಯುತ್ತದೆ. ಹಾಗಾಗಿ ಊರಿಗೆ ಊರೇ ಅಣ್ಣನ ಸೇವೆಗೆ ಇಳಿಯಿತು. ನೋಡಲು ಬಂದವರೆಲ್ಲ ತಮ್ಮ ತೋಟದ್ದೇ ಅತ್ಯಂತ ಸಿಹಿ ಎಂದು ಎರಡೆರಡು ಎಳನೀರು ತಂದರು. ಅಪ್ಪ ಹೋದ ಮೇಲೆ ನಮ್ಮ ಮನೆಗೆ ಹಿರಿಯರಾಗಿದ್ದ ಚಿಕ್ಕಪ್ಪ ದಿನಾ ಬೆಳಿಗ್ಗೆ ತಾವೇ ಮಚ್ಚು ಹಿಡಿದು ಕೆತ್ತಿ, ಅಣ್ಣನ ಬಾಯಿಗೇ ಹಿಡಿಯುತ್ತಿದ್ದರು. ಅಣ್ಣ ದಿನಕ್ಕೆ ಐದಾರು ಕುಡಿದ. ಎಂಟು ಕುಡಿದ ದಿನವೂ ಇತ್ತು.

ತುಮಕೂರಿನಲ್ಲಿ ರಕ್ತ ಪರೀಕ್ಷೆ ಮಾಡಿದವರು ಮುಖ ಗಂಭೀರ ಮಾಡಿಕೊಂಡು ಬೆಂಗಳೂರಿಗೆ ಬರೆದುಕೊಟ್ಟರು. ಬೆಂಗಳೂರಿನ ಡಾಕ್ಟರು ಎರಡೂ ಕಿಡ್ನಿ ಹೋಗಿದೆ ಎಂದರು. ಅದಕ್ಕಿಂತ ಮೊದಲು ಅವರು ಕೇಳಿದ್ದು, ಈತ ಏನು ಕುಡಿಯುತ್ತಿದ್ದ ಎಂದು. ಅತ್ತಿಗೆ ಹೆಮ್ಮೆಯಿಂದಲೇ ಹೇಳಿದರು. ಡಾಕ್ಟರು ಕನ್ನಡಕ ತೆಗೆದರು. ಕಿಡ್ನಿ ಕೆಟ್ಟವನಿಗೆ ಎಳನೀರಿನಲ್ಲಿರುವ ಪೊಟ್ಯಾಸಿಯಮ್ ವಿಷದ ಹಾಗೆ, ಇನ್ನೊಂದು ವಾರ ಹೀಗೇ ಕುಡಿಸಿದ್ದರೆ ಹೃದಯ ನಿಂತುಹೋಗುತ್ತಿತ್ತು ಎಂದರು. ಊರಿನ ಅಷ್ಟೂ ಜನ ಸೇರಿ ಕರುಣೆಯಿಂದ, ಪುಕ್ಕಟೆಯಾಗಿ, ಒಬ್ಬ ಮನುಷ್ಯನನ್ನು ಕೊಲ್ಲುವ ಹಂತಕ್ಕೆ ತಂದಿದ್ದರು. ಈ ಜೀವಶಾಸ್ತ್ರದ ಲೆಕ್ಚರರ್ ಕೂಡ ಅವರಲ್ಲಿ ಒಬ್ಬನಾಗಿದ್ದ, ಉಪ್ಪಾರಹಳ್ಳಿ ಸರ್ಕಲ್ಲಿನಿಂದ ನಾಲ್ಕು ಕಟ್ಟಿಸಿಕೊಂಡು ಹೋಗಿದ್ದ.

ಮುಂದೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಗುಬ್ಬಿಯಿಂದ ಬೆಳಗಿನ ರೈಲು ಹಿಡಿದು ಅಣ್ಣ, ಅತ್ತಿಗೆ ಬೆಂಗಳೂರಿಗೆ ಹೋಗುವುದು, ಸಂಜೆ ಜೋತುಬಿದ್ದುಕೊಂಡು ಬರುವುದು. ದಿನಕ್ಕೆ ಎರಡು ಲೋಟದ ಮೇಲೆ ನೀರು ಕುಡಿಯುವ ಹಾಗಿಲ್ಲ. ಹೀಗೆ ಬಹಳ ದಿನ ತಳ್ಳಲಾಗುವುದಿಲ್ಲ, ಮನೆಯವರೇ ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಬದುಕುತ್ತಾನೆ, ಕೊಡುವವರಿಗೆ ಒಂದೇ ಸಾಕು, ಏನೂ ಆಗುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಣ್ಣನಿಗೆ ಆಗ ನಲವತ್ತೂ ಆಗಿರಲಿಲ್ಲ.

ಈ ಸುದ್ದಿ ಊರು ಮುಟ್ಟಿದ ದಿನ ನಮ್ಮ ಜಗಲಿಯ ಮೇಲೆ ಬಂಧುಬಳಗ ಸೇರಿತು. ಎಳನೀರು ಈ ಸಲ ಯಾರೂ ತಂದಿರಲಿಲ್ಲ. ಎಲ್ಲರೂ ತಂತಮ್ಮ ಕಾಯಿಲೆ ತಂದಿದ್ದರು. ಚಿಕ್ಕಪ್ಪ ಜೇಬಿನಿಂದ ಮಾತ್ರೆಯ ಚೀಟಿ ತೆಗೆದು, ತಮಗೆ ಸಕ್ಕರೆ ಕಾಯಿಲೆ ಶುರುವಾಗುವ ಸೂಚನೆ ಇದೆ ಎಂದರು. ಹೋದ ವಾರವಷ್ಟೇ ಹೆಬ್ಬೂರಿನ ಬೀಗರ ಊಟದಲ್ಲಿ ಹದಿನಾಲ್ಕು ಹೋಳಿಗೆ ತಿಂದು ಎದ್ದವರು. ಅವರ ಮಗ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಕಬಡ್ಡಿ ಆಡುವವನು, ಕ್ವಿಂಟಾಲ್ ಮೂಟೆ ಒಬ್ಬನೇ ಎತ್ತುವವನು, ಅವನಿಗೂ ಆವತ್ತು ಸೊಂಟ ಹಿಡಿದಿತ್ತು. ಅಲ್ಲಿ ನಿಜವಾಗಿ ಕೊಡುತ್ತೇನೆ ಅಂದವಳು ಅವ್ವ ಒಬ್ಬಳೇ. ಅವಳಿಗೆ ಬಿಪಿ ವಿಪರೀತ, ವಯಸ್ಸೂ ಆಗಿದೆ, ಆಗುವುದಿಲ್ಲ ಎಂದು ಡಾಕ್ಟರು ಆಗಲೇ ಬೇಡ ಅಂದಿದ್ದರು. ‘ಈ ಬಿಪಿ ಮುಂಡೇದು ನಂಗೇ ಬರ್ಬೇಕಾಗಿತ್ತಾ’ ಎಂದು ಅವಳು ಗೋಡೆಗೆ ಒರಗಿ ಕೂತಿದ್ದಳು.

ಕಂಬದ ಪಕ್ಕ ನಿಂತಿದ್ದ ಅತ್ತಿಗೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. “ನಂದಾಯ್ತದಾ ನೋಡಪ್ಪ?”

ಆಹಾ, ನನ್ನ ಪಟ್ಟಿ ಉಪಯೋಗಕ್ಕೆ ಬಂದ ಗಳಿಗೆ. “ಆಗಲ್ಲ ಅತ್ತಿಗೆ. ರಕ್ತ ಸಂಬಂಧ ಇರ್ಬೇಕು. ನೀವು ಬೇರೆ ಮನೆಯೋರು” ಅಂದೆ. ಓದಿದವನು ಹೇಳಿದ ಮೇಲೆ ಮುಗಿಯಿತು. ಎಲ್ಲರೂ ತಲೆಯಾಡಿಸಿದರು. ಅತ್ತಿಗೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಡಾಕ್ಟರನ್ನು ಒಂದು ಮಾತು ಕೇಳೋಣ ಎಂದು ನನಗೆ ಹೊಳೆಯಲೇ ಇಲ್ಲ, ನನಗೇ ಗೊತ್ತಿತ್ತಲ್ಲ.

ಆಗ ಚಿಕ್ಕಪ್ಪ, ನಾವು ನಾವೇ ತೀರ್ಮಾನ ಮಾಡುವುದು ಸರಿಯಲ್ಲ, ಅಮ್ಮನವರ ಹತ್ತಿರ ಹೂ ಕೇಳೋಣ ಎಂದರು. ನಮ್ಮ ಕಡೆ ಇದು ರೂಢಿ. ಪೂಜಾರಿ ದೇವಿಯ ಎರಡೂ ಭುಜಗಳಿಗೆ ಒದ್ದೆ ಹೂಗಳನ್ನು ಅಂಟಿಸುತ್ತಾನೆ. ಕೇಳುವವನು ಎದುರಿಗೆ ಕೂತು ತನ್ನ ಪ್ರಶ್ನೆ ಹೇಳಿ ಕಾಯುತ್ತಾನೆ. ಬಲಗಡೆಯ ಹೂ ಬಿದ್ದರೆ ಆಗಲಿ, ಎಡಗಡೆಯದು ಬಿದ್ದರೆ ಬೇಡ. ಹೆಣ್ಣು ತರುವುದು, ಹಸು ಕೊಳ್ಳುವುದು, ಬೋರ್‌ವೆಲ್ ಕೊರೆಸುವುದು ಎಲ್ಲಕ್ಕೂ ಹೂ ಆಗಬೇಕು. ಆದರೆ ಒಬ್ಬನ ಹೊಟ್ಟೆಯೊಳಗಿನ ಕಿಡ್ನಿಯ ಬಗ್ಗೆ ಆ ತಾಯಿಯನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ಪೂಜಾರಿಗೂ ಇದು ಹೊಸದು, ಅವನು ಎರಡು ಸಲ ‘ಏನದು?’ ಎಂದು ಕೇಳಿ ಖಾತ್ರಿ ಮಾಡಿಕೊಂಡ.

ಶುಕ್ರವಾರ ಎಲ್ಲರೂ ಗುಡಿಯಲ್ಲಿ ಸೇರಿದೆವು. ಚಿಕ್ಕಪ್ಪ ಮಡಿಯುಟ್ಟು ಕೂತು ಕೈಮುಗಿದು ಜೋರಾಗಿಯೇ ಕೇಳಿದರು. “ತಾಯೀ, ನನ್ ಅಣ್ಣನ್ ಮಗ ನಂಗ್ ಮಗ್ನೇ. ನಾನ್ ಕೊಟ್ರೆ ಇಬ್ರಿಗೂ ಒಂದೀಟೂ ತೊಂದ್ರೆ ಆಗ್ದಂಗೆ, ನೂರ್ ವರ್ಸ ಕಾಪಾಡ್ತೀನಿ ಅನ್ನಂಗಿದ್ರೆ ಬಲಕ್ ಕೊಡು. ಇಲ್ಲಾಂದ್ರೆ ಎಡಕ್ ಕೊಡು.” ಇಂಥ ಕರಾರು ಪತ್ರಕ್ಕೆ ಯಾವ ದೇವರು ಬಲಕ್ಕೆ ಸಹಿ ಹಾಕುತ್ತದೆ? ಎಡಗಡೆಯಿಂದ ಸೇವಂತಿಗೆ ಬಿತ್ತು. ಚಿಕ್ಕಪ್ಪ ಕಣ್ಣೊರೆಸಿಕೊಂಡು ಎದ್ದರು. ಹಿಂದೆ ತಮ್ಮ ಬೋರ್‌ವೆಲ್ಲಿಗೆ ಹೂ ಎಡಕ್ಕೆ ಬಿದ್ದಾಗ, ತಾಯಿ ಗಮನ ಎಲ್ಲೋ ಇತ್ತು, ಇನ್ನೊಂದು ಸಲ ಕೇಳೋಣ ಎಂದು ಬಲಕ್ಕೆ ಬೀಳುವ ತನಕ ಬೆಳಿಗ್ಗೆಯಿಂದ ಸಂಜೆವರೆಗೆ ಜಪ್ಪಯ್ಯ ಅಂದರೂ ಏಳದೆ ಕೂತಿದ್ದವರು ಇವರೇ. ಈ ಸಲ ಒಂದೇ ಮಾತಿಗೆ ಒಪ್ಪಿಕೊಂಡರು. ಅವರ ಮಗನಿಗೂ ಎಡಕ್ಕೇ ಬಿತ್ತು. ಅವನ ಸೊಂಟ ಗುಡಿಯ ಮೆಟ್ಟಿಲು ಇಳಿಯುವಾಗಲೇ ಸರಿಹೋಯಿತು. ಗೋಡೆಗೆ ಒರಗಿ ಕೂತಿದ್ದ ಅಣ್ಣ ಇದನ್ನೆಲ್ಲ ನೋಡುತ್ತಿದ್ದ.

“ನೀನೂ ಕೂತ್ಕೊಳ್ಳಪ್ಪ” ಎಂದ ಪೂಜಾರಿ ನನಗೆ.

ನನಗೆ ಉರಿದುಹೋಯಿತು. ಎಡಗಡೆ ಹೂವಿಗೆ ನೀರು ಹೆಚ್ಚು, ಭಾರ ಹೆಚ್ಚು, ಬೀಳದೆ ಏನು ಮಾಡುತ್ತದೆ ಎಂದು ಎಲ್ಲರಿಗೂ ಭೌತಶಾಸ್ತ್ರದ ಪಾಠ ಮಾಡಿದೆ. ಆಮೇಲೆ ಆ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು. “ನಾನು ಹೂವೂ ಕೇಳಲ್ಲ, ಗೀವೂ ಕೇಳಲ್ಲ. ನನ್ನಣ್ಣನಿಗೆ ನಾನು ಕೊಡ್ತೀನಿ.”

ಅವ್ವ ಬಂದು ನನ್ನ ಮುಖ ಹಿಡಿದುಕೊಂಡು ಅತ್ತಳು. ಅತ್ತಿಗೆ ನನ್ನ ಕಾಲು ಮುಟ್ಟಲು ಬಂದರು, ತಡೆದೆ. ಅದಾದ ಮೇಲೆ ಒಂದು ತಿಂಗಳು ನನಗೆ ಸುಗ್ಗಿ. ಗುಬ್ಬಿ ಬಸ್‌ಸ್ಟಾಂಡಿನ ಹೋಟೆಲಿನವನು ಕಾಫಿಗೆ ಕಾಸು ಬೇಡ ಅಂದ. ಪ್ರಿನ್ಸಿಪಾಲರು ಪ್ರಾರ್ಥನೆಯ ಹೊತ್ತಿನಲ್ಲಿ ನನ್ನನ್ನು ಮುಂದೆ ಕರೆದು ಚಪ್ಪಾಳೆ ಹೊಡೆಸಿದರು. ತರಗತಿಯಲ್ಲಿ ಪಟ್ಟಿ ಬರೆದು ‘ಅರ್ಧ’ ಎಂಬಲ್ಲಿ ಚಾಕ್‌ಪೀಸಿನಿಂದ ಕುಟ್ಟಿ ಸುಮ್ಮನೆ ನಿಲ್ಲುತ್ತಿದ್ದೆ, ಹುಡುಗಿಯರ ಕಣ್ಣಲ್ಲಿ ನೀರು. ಮನೆಯಲ್ಲಿ ಹೆಂಡತಿ ಮಾತ್ರ ‘ನಿಮ್ಮಿಷ್ಟ’ ಅಂದಳು. ಆ ಎರಡು ಪದಗಳನ್ನು ಯಾವ ಧಾಟಿಯಲ್ಲಿ ಅಂದಳು ಎಂಬುದನ್ನು ಮದುವೆಯಾದ ಗಂಡಸರಿಗೆ ವಿವರಿಸಬೇಕಾಗಿಲ್ಲ.

ಆದರೆ ಈ ಶರೀರ ಇದೆಯಲ್ಲ, ಅದಕ್ಕೆ ಚಪ್ಪಾಳೆ ಕೇಳಿಸುವುದಿಲ್ಲ. ರಕ್ತ ಪರೀಕ್ಷೆಯ ದಿನ ಹತ್ತಿರವಾದಂತೆ ಸ್ನಾನ ಮಾಡುವಾಗ ಕೈ ತಾನಾಗಿ ಪಕ್ಕೆಯ ಮೇಲೆ ಹೋಗಿ ನಿಲ್ಲುತ್ತಿತ್ತು. ಎಡಗಡೆಯದು ತೆಗೆಯುತ್ತಾರೋ ಬಲಗಡೆಯದೋ? ಕಪ್ಪೆ, ಜಿರಲೆ ಕೊಯ್ದು ತೋರಿಸಿದವನಿಗೆ ಒಳಗೇನಿದೆ ಎಂದು ಚೆನ್ನಾಗಿ ಗೊತ್ತಿತ್ತು, ಅದೇ ಎಡವಟ್ಟಾಯಿತು. ರಕ್ತದ ಗುಂಪು ಹೊಂದಿತು. ಉಳಿದ ಪರೀಕ್ಷೆಗಳಿಗೂ ರಕ್ತ ಕೊಟ್ಟೆ. ಫಲಿತಾಂಶದ ದಿನ ಅಣ್ಣನ ಜೊತೆ ನಾನೇ ರೈಲಿನಲ್ಲಿ ಹೋದೆ. ತುಮಕೂರು ಬಿಟ್ಟ ಮೇಲೆ ಅವನು ಏನೇನೋ ಮಾತಾಡಿದ, ಹಸು ಗಬ್ಬವಾಗಿರುವುದು, ನುಸಿಪೀಡೆ ಬಂದು ಎಳೆಕಾಯಿ ಉದುರುತ್ತಿರುವುದು. ನಾನು ಹೂಂಗುಟ್ಟುತ್ತಿದ್ದೆ. ಕರ್ಚೀಫು ಒದ್ದೆಯಾಗಿತ್ತು.

ಆಸ್ಪತ್ರೆಯಲ್ಲಿ ಅಣ್ಣನನ್ನು ಮೊದಲು ಒಳಗೆ ಕರೆದರು. ಅವನು ಹೊರಗೆ ಬಂದ ಮೇಲೆ ನನ್ನೊಬ್ಬನನ್ನೇ ಕರೆದು ಬಾಗಿಲು ಹಾಕಿಕೊಂಡರು. ಡಾಕ್ಟರು ಮೇಜಿನ ಮೇಲಿನ ಕಾಗದ ತಿರುಗಿಸಿ ತೋರಿಸಿದರು.

“ನಿಮ್ದು ತುಂಬಾ ಚೆನ್ನಾಗಿ ಮ್ಯಾಚ್ ಆಗಿದೆ. ಆದರೆ ಒಂದು ಮಾತು ಕೇಳ್ತೀನಿ. ನಿಮಗೆ ಮನಸ್ಸಿದೆಯಾ? ಊರವರ ಬಲವಂತಕ್ಕೆ, ಮರ್ಯಾದೆಗೆ ಅಂತ ಕೊಡೋದು ಬೇಡ. ಇಷ್ಟ ಇಲ್ಲದಿದ್ರೆ ಹೇಳಿ, ಮ್ಯಾಚ್ ಆಗಲಿಲ್ಲ ಅಂತ ಹೇಳಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ.”

ನಾನು ನೀರು ಕೇಳಿದೆ. ಕುಡಿದೆ. ಆಮೇಲೆ ನನ್ನ ಬಾಯಿ ಪಾಠ ಶುರುಮಾಡಿತು. ನನಗೊಬ್ಬಳು ಮಗಳಿದ್ದಾಳೆ ಸಾರ್, ಮೂರು ವರ್ಷ. ಜೀವಶಾಸ್ತ್ರದ ಪ್ರಕಾರ ನೋಡಿದರೆ ಅಣ್ಣನೂ ಅರ್ಧ, ಮಗಳೂ ಅರ್ಧ, ಆದರೆ ಅವಳ ಮುಂದಿನ ಆಯುಸ್ಸು ಹೆಚ್ಚು, ಹಾಗಾಗಿ ನಾನು ಗಟ್ಟಿಮುಟ್ಟಾಗಿ ಇರಬೇಕಾದದ್ದು… ಡಾಕ್ಟರು ಕೈಯೆತ್ತಿದರು.

“ಅಷ್ಟೆಲ್ಲ ಬೇಡ. ಹೌದು ಅಥವಾ ಇಲ್ಲ ಅನ್ನಿ ಸಾಕು.”

“ಇಲ್ಲ” ಅಂದೆ. ಎಷ್ಟು ಬೇಗ ಅಂದೆ ಎಂಬುದು ಇವತ್ತಿಗೂ ನೆನಪಾದರೆ ಮೈಯೆಲ್ಲ ಉರಿಯುತ್ತದೆ. ಚಿಕ್ಕಪ್ಪನಾದರೂ ದೇವಿಗೆ ಹೂವಿನ ಖರ್ಚು ಕೊಟ್ಟಿದ್ದರು, ಸ್ನಾನ ಮಾಡಿ ಮಡಿಯುಟ್ಟಿದ್ದರು. ನಾನು ಅದನ್ನೂ ಮಾಡದೆ ತಪ್ಪಿಸಿಕೊಂಡೆ.

ಹೊರಗೆ ಬೆಂಚಿನ ಮೇಲೆ ಅಣ್ಣ ಕೂತಿದ್ದ. ಊದಿದ ಬರಿಗಾಲನ್ನು ತಣ್ಣನೆಯ ನೆಲಕ್ಕೆ ಒತ್ತಿಕೊಂಡಿದ್ದ. “ಮ್ಯಾಚ್ ಆಗ್ಲಿಲ್ವಂತೆ ಅಣ್ಣ” ಅಂದೆ. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ.

“ಓಗ್ಲಿ ಬುಡು. ಅದ್ಕ್ ಯಾಕ್ ಅಂಗ್ ಬೆವರ್ತಿದೀಯ? ನಿಂದೇನ್ ತಪ್ಪೈತೆ? ಬಾ, ಏನೂ ತಿಂದಿಲ್ಲ ನೀನು.”

ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ನನಗೆ ಇಡ್ಲಿ, ಕಾಫಿ ಕೊಡಿಸಿದ. ಅವನ ಪಾಲಿನ ಎರಡು ಲೋಟ ಆವತ್ತು ಮುಗಿದಿತ್ತು, ಹಾಗಾಗಿ ನಾನು ಕುಡಿಯುವುದನ್ನು ನೋಡುತ್ತ ಕೂತ. ನಾನು ಪೂರ್ತಿ ಕುಡಿದೆ. ಊರಿಗೆ ಬಂದು ವಿಷಯ ಹೇಳಿ ಗೊಳೋ ಎಂದು ಅತ್ತೆ. ಕಣ್ಣೀರು ಅಪ್ಪಟವಾಗಿತ್ತು, ಅದರಲ್ಲಿ ಒಂದು ಹನಿಯೂ ಕಲಬೆರಕೆಯಿಲ್ಲ. ಚಿಕ್ಕಪ್ಪ ಬಂದು ನನ್ನ ಬೆನ್ನು ಸವರಿ, ನೀನು ಕೊಡಲು ಹೋದೆಯಲ್ಲ ಅಷ್ಟೇ ಸಾಕು ಎಂದು ಸಮಾಧಾನ ಮಾಡಿದರು. ನಾವಿಬ್ಬರೂ ಒಂದೇ ಜಾತಿಯ ಪ್ರಾಣಿ ಎಂದು ಆ ಕೈ ಬೆನ್ನ ಮೇಲೆ ಬಿದ್ದಾಗ ತಿಳಿಯಿತು.

ಅಣ್ಣ ಇಳಿಯುತ್ತ ಹೋದ. ಎರಡು ತಿಂಗಳಲ್ಲಿ ಅವನ ಅಂಗಿಯೊಳಗೆ ಇನ್ನೊಬ್ಬ ಹಿಡಿಯುವಷ್ಟು ಜಾಗವಾಯಿತು. ಕೊನೆಗೆ ಒಂದು ದಿನ ಡಯಾಲಿಸಿಸ್ ಮುಗಿಯಲು ಕಾಯುತ್ತಿದ್ದ ಅತ್ತಿಗೆ ತಾವೇ ಹೋಗಿ ಡಾಕ್ಟರನ್ನು ಕೇಳಿದರು. ಇದನ್ನು ಆಮೇಲೆ ಅವರೇ ಹೇಳಿದ್ದು.

“ಹೆಂಡ್ತಿ ಕೊಡಕಾಗಲ್ವಂತಲ್ಲ ಸಾರ್?”

“ಯಾರಮ್ಮ ಹೇಳಿದ್ದು?”

“ನಮ್ ಮೈದ್ನ. ಬಯಾಲಜಿ ಲೆಕ್ಚರ್ರು.”

ಡಾಕ್ಟರು ನಕ್ಕರಂತೆ. ನೋಡೇಬಿಡೋಣ ಎಂದು ರಕ್ತ ತೆಗೆಸಿದರು. ಹೊಂದಿತು. ಸೊನ್ನೆ ಹಾಕಿಸಿಕೊಂಡವರ ಕಿಡ್ನಿಯನ್ನು ಅಣ್ಣನ ಶರೀರ ಬೇಡ ಅನ್ನುವ ಕಾರಣವೇ ಇರಲಿಲ್ಲ. ಮೂರು ತಿಂಗಳು ನನ್ನ ಪಾಂಡಿತ್ಯ ಅವನನ್ನು ಸುಮ್ಮಸುಮ್ಮನೆ ಸಾಯಿಸುತ್ತ ಕೂತಿತ್ತು.

ಅತ್ತಿಗೆಯ ತವರು ಕುಣಿಗಲ್ ಹತ್ತಿರ. ಸುದ್ದಿ ಕೇಳಿ ಅವರ ಅಪ್ಪ ಬೆಳಗಿನ ಮೊದಲ ಬಸ್ಸಿಗೇ ಬಂದಿಳಿದರು. ಜಗಲಿಯ ಮೇಲೆ ಕೂರಲೂ ಇಲ್ಲ. “ಗಂಡಿನ್ ಕಡೆ ಗಂಡುಸ್ರೆಲ್ಲಾ ಸತ್ತೋಗವ್ರಾ? ಎಲ್ಡ್ ಮಕ್ಳಿರೋ ನನ್ ಮಗ್ಳೇ ಬೇಕಾಗಿತ್ತಾ?” ಎಂದು ಅಂಗಳದಲ್ಲಿ ನಿಂತು ಕೇಳಿದರು. ಅಂಗಳದಲ್ಲಿದ್ದ ಗಂಡಸರಲ್ಲಿ ಯಾರೂ ಸತ್ತಿರಲಿಲ್ಲ, ಎಲ್ಲರೂ ಆರೋಗ್ಯವಾಗಿಯೇ ನೆಲ ನೋಡುತ್ತಿದ್ದೆವು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, ಬೀಗರು ಹೇಳುವುದೂ ಸರಿ, ಒಂದು ಸಲ ಹೂ ಕೇಳಿಬಿಡೋಣ ಎಂದರು.

“ನಾನ್ ಕೇಳಲ್ಲ” ಎಂದರು ಅತ್ತಿಗೆ.

“ಯಾಕವ್ವ? ತಾಯಿ ಮೇಲ್ ನಂಬ್ಕೆ ಇಲ್ವಾ?”

“ಐತೆ. ಅದ್ಕೇ ಕೇಳಲ್ಲ. ಅವ್ಳು ಬ್ಯಾಡ ಅಂದ್ಬುಟ್ರೆ ನಾನೇನ್ ಮಾಡ್ಲಿ?”

ಅವರ ಅಪ್ಪ ಮಗಳ ಮುಖ ನೋಡಿ, ಆಮೇಲೆ ಜಗಲಿಯ ಮೇಲೆ ಕೂತರು. ಅವ್ವ ನೀರು ಕೊಟ್ಟಳು.

ಆಪರೇಷನ್ ಆಯಿತು. ಅತ್ತಿಗೆ ಹತ್ತು ದಿನಕ್ಕೆ ಮನೆಗೆ ಬಂದರು, ಅಣ್ಣ ಎರಡು ತಿಂಗಳು ಬಿಟ್ಟು ಬಂದ. ಮುಖದ ಊತವೆಲ್ಲ ಇಳಿದು ಹಳೆಯ ಅಣ್ಣ ಕಂಡ. ಎಲ್ಲರಿಗೂ ಎಡಕ್ಕೆ ಕೊಟ್ಟು ಈ ಹೆಣ್ಣುಮಗಳಿಗೆಂದೇ ಈ ಪುಣ್ಯವನ್ನು ತಾಯಿ ಕಾದಿಟ್ಟಿದ್ದಳು ಎಂದು ಚಿಕ್ಕಪ್ಪ ಊರೆಲ್ಲ ಹೇಳಿಕೊಂಡು ಬಂದರು. ಅವರಿಗೆ ಸಕ್ಕರೆ ಕಾಯಿಲೆ ಆಮೇಲೂ ಬರಲಿಲ್ಲ.

ನಾನಾದರೂ ಸುಮ್ಮನಿದ್ದೆನೇ? ಸೋತ ಸಿದ್ಧಾಂತಕ್ಕೆ ತೇಪೆ ಹಾಕದಿದ್ದರೆ ನಿದ್ದೆ ಬರುವುದಿಲ್ಲ. ಅತ್ತಿಗೆಯ ತ್ಯಾಗವೂ ಜೀವಶಾಸ್ತ್ರವೇ, ಇಬ್ಬರು ಮಕ್ಕಳನ್ನು ಸಾಕಲು ಅವುಗಳ ಅಪ್ಪ ಬದುಕಿರಬೇಕಲ್ಲ, ಎಂದು ಹೊಂದಿಸಿಕೊಂಡೆ. ಒಂದು ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ಕೂತು ಅವರಿಗೇ ಹೇಳಿಯೂಬಿಟ್ಟೆ. ಅವರು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದರು.

“ಅಂಗಂತ ನಿನ್ ಪುಸ್ತಕದಾಗೈತಾ?”

“ಇದೆ ಅತ್ತಿಗೆ.”

“ಇರ್ಬೋದು ಕಣಪ್ಪ. ನಂಗೆ ಅಷ್ಟೆಲ್ಲ ವೊಳೀಲಿಲ್ಲ. ಕಾಲು ಅಂಗ್ ಊದ್ಕೊಂಡು ಚಪ್ಲಿ ಹಾಕ್ಕೊಳ್ಳಕ್ಕೂ ಆಗ್ದೆ ಬರಿಗಾಲಲ್ಲಿ ರೈಲ್ ಅತ್ತೋರಲ್ಲ, ಅದು ನೋಡಕ್ಕಾಗ್ತಿರ್ಲಿಲ್ಲ, ಅಷ್ಟೇ.”

ಅದಾದ ಮೇಲೆ ನಾನು ಬಹಳ ಒಳ್ಳೆಯ ತಮ್ಮನಾದೆ. ಅಣ್ಣನ ತಿಂಗಳ ಚೆಕಪ್ಪಿಗೆ ರಜೆ ಹಾಕಿ ಹೋಗುವುದು, ಮಾತ್ರೆ ತಂದುಕೊಡುವುದು, ಅವನ ಮಕ್ಕಳನ್ನು ಉಪ್ಪಾರಹಳ್ಳಿಯಲ್ಲಿ ಇಟ್ಟುಕೊಂಡು ಓದಿಸುವುದು. ಜನ ರಾಮ ಲಕ್ಷ್ಮಣ ಎಂದರು. ಎಲ್ಲಕ್ಕಿಂತ ಕಷ್ಟದ್ದು ಅತ್ತಿಗೆಯ ಹೊಗಳಿಕೆ. ಯಾರೇ ಮನೆಗೆ ಬರಲಿ, ‘ನಮ್ ಮೈದ್ನ ಹೂವೂ ಕೇಳ್ದೆ ಕೊಡಕ್ ಓದ, ಮ್ಯಾಚ್ ಆಗ್ಲಿಲ್ಲ’ ಎಂದು ಹೇಳದೆ ಅವರಿಗೆ ಕಾಫಿ ಕೊಟ್ಟ ಸಮಾಧಾನವಿರಲಿಲ್ಲ. ಒಂಬತ್ತು ವರ್ಷ ಇದನ್ನು ಕೇಳಿದೆ. ಪ್ರತಿಸಲವೂ ವಿನಯದಿಂದ ತಲೆ ತಗ್ಗಿಸುತ್ತಿದ್ದೆ.

ಅಣ್ಣನ ಮಗಳನ್ನು ನೋಡಲು ಕುಣಿಗಲ್ ಕಡೆಯಿಂದ ಗಂಡಿನವರು ಬಂದ ದಿನ ಅತ್ತಿಗೆ ಅದನ್ನೇ ಮತ್ತೆ ಹೇಳಿದರು. ಹುಡುಗನ ತಾಯಿ ಎದ್ದು ನಿಂತು ನನಗೆ ಕೈ ಮುಗಿದರು. ನನಗೆ ಇನ್ನು ತಡೆಯಲಾಗಲಿಲ್ಲ. ಕಾಯಿ ಸುಲಿಯುವುದನ್ನು ನೋಡಿ ಬರುತ್ತೇನೆ ಎಂದು ನೆವ ಹೇಳಿ ಹಿತ್ತಿಲಿಗೆ ಎದ್ದು ಹೋದೆ. ಸ್ವಲ್ಪ ಹೊತ್ತಿಗೆ ಅಣ್ಣನೂ ಹಿಂದೆಯೇ ಬಂದು ಸಿಪ್ಪೆಯ ರಾಶಿಯ ಪಕ್ಕದಲ್ಲಿ ಕೂತ.

“ಅಣ್ಣ, ಆವತ್ತು ಮ್ಯಾಚ್ ಆಗಿತ್ತು” ಅಂದೆ. ಒಂಬತ್ತು ವರ್ಷ ಹೊತ್ತದ್ದು, ಹೇಳಲು ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

“ಗೊತ್ತು ಕಣ್ಲಾ.”

“ಹೇಗೆ ಗೊತ್ತು?”

“ನಾನೇ ಯೋಳಿದ್ದು ಡಾಕ್ಟ್ರಿಗೆ. ನೀನ್ ರೈಲಲ್ಲಿ ಒಂದೇ ಸಮ ಬೆವರ್ತಿದ್ದೆ. ಒಳಕ್ ಕರುದು ಮ್ಯಾಚ್ ಆಗೈತೆ ಅಂದ್ರಲ್ಲ ನಂಗೆ, ಆಗ್ಲೇ ಯೋಳ್ದೆ. ಸಾರ್, ಅವ್ನು ಉಡುಗ್ರಂಗೆ ಊರ್ ಮುಂದೆ ಮಾತ್ ಕೊಟ್ಬುಟ್ಟು ಸಿಕ್ಕಾಕಂಡವ್ನೆ, ಎದ್ರುಕೊಂಡವ್ನೆ, ಒಬ್ನೇ ಕರುದ್ ಕೇಳಿ, ಮನ್ಸಿಲ್ದಿದ್ರೆ ಮ್ಯಾಚ್ ಆಗ್ಲಿಲ್ಲ ಅಂದ್ಬುಡಿ ಅಂತ.”

“ಮನಸ್ಸಿದೆ ಅಂದಿದ್ರೆ?”

“ಈಸ್ಕಂತಿದ್ದೆ” ಎಂದು ನಕ್ಕ.

“ಅಣ್ಣ, ಆಗ ಬೇರೆ ಯಾರೂ ಇರ್ಲಿಲ್ಲ. ನೀನು ಸತ್ತೋಗ್ತಿದ್ದೆ.”

“ಊಂ, ಸಾಯ್ತಿದ್ದೆ. ನಾನ್ ಸತ್ರೆ ಮುಗೀತು. ನೀನು ತುಮ್ಕೂರ್ನಾಗೆ ಮುಖ ಎತ್ಕಂಡ್ ಬದುಕ್ಬೇಕಾಗಿತ್ತಲ್ಲ.”

ನನಗೆ ಅಳು ಬಂತು. ಈ ಸಲ ನೋಡುವವರು ಯಾರೂ ಇರಲಿಲ್ಲ, ಆದರೂ ಬಂತು. ಒಳಗೆ ಹೋಗಿ ಅತ್ತಿಗೆಗೂ ಎಲ್ಲ ಹೇಳಿಬಿಡುತ್ತೇನೆ ಎಂದು ಎದ್ದೆ. ಅಣ್ಣ ನನ್ನ ಮೊಣಕೈ ಹಿಡಿದು ಕೂರಿಸಿದ.

“ಅವ್ಳಿಗ್ ಯೋಳ್ಬ್ಯಾಡ. ಆಪರೇಸನ್ ದಿನ ಬೆಳಿಗ್ಗೆ ಅವ್ಳಿಗೆ ಕೈಕಾಲೇ ಬಿದ್ದೋಗಿತ್ತಂತೆ, ಎದ್ದ್ ಓಡೋಗನ ಅನ್ನುಸ್ತಂತೆ. ಆಗ ನಿನ್ ನೆನುಸ್ಕಂಡ್ಲಂತೆ. ‘ನನ್ ಮೈದ್ನ ಎದ್ರಲಿಲ್ಲ, ನಾನ್ಯಾಕ್ ಎದ್ರಲಿ’ ಅಂತ ವೋಗಿ ಮಲಿಕಂಡ್ಲಂತೆ. ಯೋಳ್ಬ್ಯಾಡ ಕಣ್ಲಾ.”

ಒಳಗಿಂದ ಅತ್ತಿಗೆ ನನ್ನನ್ನು ಕೂಗುತ್ತಿದ್ದರು. ಗಂಡಿನ ಕಡೆಯವರು ನನ್ನನ್ನು ಮಾತಾಡಿಸಬೇಕಂತೆ. ಮುಖ ಒರೆಸಿಕೊಂಡು ಒಳಗೆ ಹೋಗಿ, ಒಳ್ಳೆಯವನಾಗಿ ಕೂತೆ.